ಮೆಗ್ಗರ್ ರಿಜಿಸ್ಟರ್‌ನಲ್ಲಿ ರೀಡಿಂಗ್ ಜೊತೆ ಏನೇನು ಬರೀಬೇಕು?

ಪಂಪ್‌ಹೌಸ್_ಫಿಟ್ಟರ್:
415 ವೋಲ್ಟ್, 37 ಕಿಲೋವ್ಯಾಟ್ ಮೋಟರ್. ಮೆಗ್ಗರ್‌ನಲ್ಲಿ (ವೈಂಡಿಂಗ್ ಅಂದ್ರೆ ತಂತಿ ಸುರುಳಿಯ ಇನ್ಸುಲೇಷನ್ ರೆಸಿಸ್ಟೆನ್ಸ್ ಅಳೆಯೋ ಮೀಟರ್) ಜನವರಿಯಲ್ಲಿ 200 ಮೆಗಾಓಮ್, ಏಪ್ರಿಲ್‌ನಲ್ಲಿ 50, ಜುಲೈನಲ್ಲಿ 12. ರಿಜಿಸ್ಟರ್‌ನಲ್ಲಿ ತಾರೀಖು ಬಿಟ್ಟು ಬೇರೇನೂ ಇಲ್ಲ. ರಿವೈಂಡಿಂಗ್‌ಗೆ (ತಂತಿ ಹೊಸದಾಗಿ ಸುತ್ತಿಸೋಕೆ) ಕಳಿಸಬೇಕಾ?

ತಾಮ್ರದ_ತಂತಿ:
ಟೆಂಪರೇಚರ್ ಬರೆದಿಲ್ಲದೆ ಈ ಅಂಕಿಗಳನ್ನ ಹೋಲಿಸೋಕಾಗಲ್ಲ ಸರ್. ವೈಂಡಿಂಗ್ 10 ಡಿಗ್ರಿ ಬಿಸಿಯಾದ್ರೆ ರೀಡಿಂಗ್ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತೆ. ಅದಕ್ಕೇ ಎಲ್ಲಾನೂ 40 ಡಿಗ್ರಿ ಲೆಕ್ಕಕ್ಕೆ ತರೋದು. ಜನವರಿಯಲ್ಲಿ ವೈಂಡಿಂಗ್ 20 ಡಿಗ್ರಿ ಇದ್ದಿದ್ರೆ 200ರ ಕಾಲುಭಾಗ, 50. ಏಪ್ರಿಲ್‌ನಲ್ಲಿ 40 ಡಿಗ್ರಿ ಇದ್ದಿದ್ರೆ ಅದೂ 50. ಅಲ್ಲಿಗೆ ಏನೂ ಕೆಟ್ಟಿಲ್ಲ. ಜುಲೈದೇ ಯೋಚನೆ: 30 ಡಿಗ್ರಿ ಅಂದುಕೊಂಡ್ರೆ 12ರ ಅರ್ಧ, 6. ಐಇಇಇ 43ರಲ್ಲಿ (ಇನ್ಸುಲೇಷನ್ ಟೆಸ್ಟ್‌ನ ಸ್ಟ್ಯಾಂಡರ್ಡ್) ಇಂಥ ರಾಂಡಮ್ ವೈಂಡಿಂಗ್‌ಗೆ (ದುಂಡು ತಂತಿ ಸುತ್ತಿದ್ದು) ಕನಿಷ್ಠ 5 ಮೆಗಾಓಮ್. ಅಂಚಿಗೆ ಬಂದಿದೆ.

ಗಾರ್ಡ್_ಟರ್ಮಿನಲ್:
ಮಳೆಗಾಲದ 12 ನೋಡಿ ರಿವೈಂಡಿಂಗ್‌ಗೆ ಓಡಬೇಡಿ. ಪ್ಯಾನಲ್‌ನಿಂದ ಮೆಗ್ಗರ್ ಹಾಕಿದ್ರಾ? ಹಾಗಾದ್ರೆ ಕೇಬಲ್ಲೂ ಮೋಟರೂ ಪ್ಯಾರಲಲ್ ಆಗಿ, ಎರಡೂ ಸೇರಿದ ರೀಡಿಂಗ್ ಬಂದಿರುತ್ತೆ. ಟರ್ಮಿನಲ್ ಬಾಕ್ಸ್‌ನಲ್ಲಿ ಕೇಬಲ್ ಬಿಚ್ಚಿ, ಟರ್ಮಿನಲ್ ಬ್ಲಾಕ್‌ನ ಧೂಳು, ತೇವ ಒರೆಸಿ, ಎರಡನ್ನೂ ಬೇರೆಬೇರೆಯಾಗಿ ನೋಡಿ. ಎಷ್ಟೋ ಸಲ ತಪ್ಪು ಮೋಟರ್‌ದಲ್ಲ, ಗ್ಲ್ಯಾಂಡ್‌ನಲ್ಲಿ (ಬಾಕ್ಸ್‌ಗೆ ಕೇಬಲ್ ಒಳಹೋಗೋ ಕಡೆಯ ಬಿಗಿ ಫಿಟ್ಟಿಂಗ್) ನುಗ್ಗಿದ ನೀರಿನದು. ಮೋಟರೇ ಒದ್ದೆ ಅಂತಾದ್ರೆ ನಿಧಾನಕ್ಕೆ ಬಿಸಿ ಕೊಟ್ಟು ಒಣಗಿಸಿ. ಮೊದಮೊದಲು ರೀಡಿಂಗ್ ಇನ್ನೂ ಇಳಿಯುತ್ತೆ, ಗಾಬರಿಯಾಗಿ ನಿಲ್ಲಿಸಬೇಡಿ. ತೇವ ಹೋದ ಮೇಲೆ ಏರುತ್ತೆ.

ಶಿಫ್ಟ್_ಎಂಜಿನಿಯರ್:
ಹೊಸ ಪುಟದಲ್ಲಿ ಇಷ್ಟಾದ್ರೂ ಇರಲಿ: ವೈಂಡಿಂಗ್ ಟೆಂಪರೇಚರ್ (ಹೊರಗಿನ ಗಾಳಿಯದ್ದಲ್ಲ), ತೇವಾಂಶ, ಮೋಟರ್ ನಿಂತು ಎಷ್ಟು ಹೊತ್ತಾಯ್ತು, ಟೆಸ್ಟ್ ವೋಲ್ಟೇಜ್ 500 ಡಿಸಿ, ಮೆಗ್ಗರ್‌ನ ಸೀರಿಯಲ್ ನಂಬರ್, ಕೇಬಲ್ ಸೇರಿದೆಯೋ ಇಲ್ಲವೋ. ರೀಡಿಂಗ್ ಸರಿಯಾಗಿ 1 ನಿಮಿಷಕ್ಕೆ ತಗೊಳ್ಳಿ. ಒಬ್ಬರು 15 ಸೆಕೆಂಡಿಗೆ, ಇನ್ನೊಬ್ಬರು ಮುಳ್ಳು ನಿಂತಾಗ ಬರೆದ್ರೆ ಟ್ರೆಂಡ್ ಅನ್ನೋದೇ ಸಿಗಲ್ಲ. ‘ಇನ್ಫಿನಿಟಿ’ ಅಂತಲೂ ಬರೀಬೇಡಿ. ಮೀಟರ್ ರೇಂಜ್ 1000 ಇದ್ರೆ ‘1000ಕ್ಕಿಂತ ಹೆಚ್ಚು’ ಅನ್ನಿ. ಫೇಸ್‌ಗಳ ನಡುವೆ ನೋಡಬೇಕಾದ್ರೆ ಆರೂ ಲೀಡ್ ಬಿಡಿಸಿ, ಸ್ಟಾರ್ ಅಥವಾ ಡೆಲ್ಟಾ ಲಿಂಕ್ ಇದ್ರೆ ಸೊನ್ನೆಯೇ ತೋರಿಸೋದು.

ಪಂಪ್‌ಹೌಸ್_ಫಿಟ್ಟರ್:
ಪ್ಯಾನಲ್‌ನಿಂದಲೇ ಹಾಕಿದ್ದು ಸರ್. ಮಧ್ಯೆ ವಿಎಫ್‌ಡಿ (ಮೋಟರ್ ವೇಗ ಬದಲಿಸೋ ಡ್ರೈವ್) ಇದೆ, ಅದನ್ನ ಬಿಚ್ಚಬೇಕಾ?

ತಾಮ್ರದ_ತಂತಿ:
ಬಿಚ್ಚಲೇಬೇಕು. 500 ವೋಲ್ಟ್‌ಗೆ ಡ್ರೈವ್‌ನ ಔಟ್‌ಪುಟ್ ಹಾಳಾಗಬಹುದು, ಬರೋ ರೀಡಿಂಗೂ ಡ್ರೈವ್‌ದೇ ಆಗಿರುತ್ತೆ. ಟೆಸ್ಟ್ ಮುಗಿದ ಮೇಲೆ ವೈಂಡಿಂಗನ್ನ ಅರ್ಥ್‌ಗೆ ಸೇರಿಸಿ ಡಿಸ್ಚಾರ್ಜ್ ಮಾಡಿ. 1 ನಿಮಿಷ ಚಾರ್ಜ್ ಕೊಟ್ಟಿದ್ರೆ ಕನಿಷ್ಠ 4 ನಿಮಿಷ.