‘ಸೇಫ್’ ಮತ್ತು ‘ಸೆಕ್ಯೂರ್’ ಪದಗಳ ಮೂಲ ಯಾವುದು?

ಪ್ರಶ್ನೆ: ‘ಸೇಫ್’ ಎಂಬ ಇಂಗ್ಲಿಷ್ ಪದವು ಅಪಾಯವಿಲ್ಲದ ಸ್ಥಿತಿಯನ್ನೂ ಒಡವೆ ಇಡುವ ಕಬ್ಬಿಣದ ಪೆಟ್ಟಿಗೆಯನ್ನೂ ಸೂಚಿಸುತ್ತದೆ. ಇವೆರಡಕ್ಕೂ ಮೂಲ ಒಂದೇ ಆಗಿದೆಯೇ? ‘ಸೆಕ್ಯೂರ್’ ಪದಕ್ಕೂ ಇದಕ್ಕೂ ನಂಟಿದೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಮೂಲ ಒಂದೇ. ಲ್ಯಾಟಿನ್ನಿನ ‘ಸಾಲ್ವುಸ್’ ಎಂದರೆ ಊನವಾಗದ, ಇಡಿಯಾಗಿ ಉಳಿದ, ಆರೋಗ್ಯವಾಗಿರುವ ಎಂದರ್ಥ. ಅದು ಹಳೆಯ ಫ್ರೆಂಚಿನಲ್ಲಿ ‘ಸೌಫ್’ ಆಗಿ, 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರದ ಶತಮಾನಗಳಲ್ಲಿ ಇಂಗ್ಲಿಷಿಗೆ ಬಂದು ಸೇರಿತು. ಸಂಸ್ಕೃತದ ‘ಸರ್ವ’ ಶಬ್ದವನ್ನೂ ಭಾಷಾಶಾಸ್ತ್ರಜ್ಞರು ಇದೇ ಬೇರಿಗೆ ಸೇರಿಸುತ್ತಾರೆ; ‘ಇಡಿಯಾದದ್ದು’ ಎಂಬ ಅರ್ಥವನ್ನು ನೆನೆದರೆ ಈ ಸಂಬಂಧ ಅಷ್ಟೇನೂ ವಿಚಿತ್ರವೆನಿಸದು. ಪೆಟ್ಟಿಗೆಯ ಹೆಸರು ಮಾತ್ರ ಇದೇ ಬೇರಿನ ‘ಸೇವ್’ (ಕಾಪಾಡು) ಎಂಬ ಕ್ರಿಯಾಪದದಿಂದ ಹುಟ್ಟಿ, ಆಮೇಲೆ ‘ಸೇಫ್’ ರೂಪಕ್ಕೆ ಹೊಂದಿಕೊಂಡಿತು. ಕಬ್ಬಿಣದ ತಿಜೋರಿಗಷ್ಟೇ ಅಲ್ಲದೆ, ನೊಣ ಮುಟ್ಟದಂತೆ, ಆದರೆ ಗಾಳಿಯಾಡುವಂತೆ ಜಾಲರಿ ಬಡಿದು ಮಾಂಸವನ್ನು ಇಡುತ್ತಿದ್ದ ಕಪಾಟಿಗೂ ಇದೇ ಹೆಸರಿತ್ತು.

ಉತ್ತರ 2: ‘ಸೆಕ್ಯೂರ್’ ಬೇರೆಯದೇ ಕುಲದ್ದು. ಲ್ಯಾಟಿನ್ನಿನಲ್ಲಿ ‘ಸೆ’ ಎಂದರೆ ಹೊರತಾಗಿ, ‘ಕೂರಾ’ ಎಂದರೆ ಚಿಂತೆ; ಒಟ್ಟಿನಲ್ಲಿ ನಿಶ್ಚಿಂತ. ಹದಿನಾರು, ಹದಿನೇಳನೆಯ ಶತಮಾನದ ಇಂಗ್ಲಿಷಿನಲ್ಲಿ ಈ ಪದವನ್ನು ಅತಿಯಾದ ಆತ್ಮವಿಶ್ವಾಸದಿಂದ ಮೈಮರೆತವರ ಬಗ್ಗೆಯೂ ಬಳಸುತ್ತಿದ್ದುದು, ನನ್ನ ದೃಷ್ಟಿಯಲ್ಲಿ, ಇಡೀ ಚರಿತ್ರೆಯ ಅತ್ಯಂತ ಸ್ವಾರಸ್ಯಕರ ಭಾಗ. ‘ಶೂರ್’ ಪದವೂ ಫ್ರೆಂಚಿನ ಮೂಲಕ ಸವೆದು ಬಂದ ಇದರ ರೂಪಾಂತರವೇ.

ಉತ್ತರ 3: ‘ಸಾಲ್ವುಸ್’ ಬಳಗಕ್ಕೇ ಸೇರಿದ ‘ಸ್ಯಾಲ್ವರ್’ ಎಂಬ ತಟ್ಟೆಯನ್ನು ಮರೆಯಬಾರದು. ಅರಸನ ಊಟದಲ್ಲಿ ವಿಷವಿಲ್ಲವೆಂದು ಮೊದಲೇ ರುಚಿ ನೋಡುವ ಕ್ರಮಕ್ಕೆ ಸ್ಪ್ಯಾನಿಷ್ ಭಾಷೆಯಲ್ಲಿ ‘ಸಾಲ್ವಾ’ ಎನ್ನುತ್ತಿದ್ದರು. ಹಾಗೆ ಪರೀಕ್ಷಿಸಿದ್ದನ್ನು ಇಟ್ಟು ತರುವ ತಟ್ಟೆಗೆ ಆ ಹೆಸರೇ ಅಂಟಿಕೊಂಡಿತು.