ಪತ್ನಿಗೆ ಉಡುಗೊರೆಯಾಗಿ ಮರದ ಬಿಲ್ಲು: 40 ಪೌಂಡ್ ಆಗಬಹುದೇ?

ಪ್ರಶ್ನೆ ಕೇಳಿದವರು: ನನ್ನ ಪತ್ನಿ ತರಬೇತಿ ಕೇಂದ್ರದ ಬಿಲ್ಲಿನಲ್ಲಿ ಬಿಲ್ವಿದ್ಯೆ ಕಲಿಯುತ್ತಿದ್ದಾಳೆ. ಸೈಟ್ (ಗುರಿ ಹಿಡಿಯುವ ಸಾಧನ), ಸ್ಟೆಬಿಲೈಸರ್ (ಬಿಲ್ಲು ಅಲುಗದಂತೆ ತಡೆಯುವ ಕಡ್ಡಿ) ಯಾವುದೂ ಬೇಡ, ಬರಿಯ ಮರದ ಬಿಲ್ಲೇ ಚಂದ ಎನ್ನುತ್ತಾಳೆ. ಹುಟ್ಟುಹಬ್ಬಕ್ಕೆ ಅವಳಿಗೆ ತಿಳಿಯದಂತೆ ಒಂದನ್ನು ತರಬೇಕು. 68 ಇಂಚು ಉದ್ದದ, 40 ಪೌಂಡ್‌ನ ಲಾಂಗ್‌ಬೋ (ತುದಿ ಮುಂದಕ್ಕೆ ಬಾಗದ ಉದ್ದ ಬಿಲ್ಲು) ಒಂದು ಬಹಳ ಹಿಡಿಸಿದೆ. ಅವಳ ಎತ್ತರ 5 ಅಡಿ 2 ಇಂಚು. ಕೊಳ್ಳಬಹುದೇ?

ಹಳೆಯ ಬತ್ತಳಿಕೆ: ಬೇಡ ಸರ್. ಹಿಡಿಸಿರುವುದು ನಿಮಗೆ, ಎಳೆಯಬೇಕಾದವರು ಅವರು. ಬಿಲ್ಲಿನ ಮೇಲೆ ಬರೆದಿರುವ ಪೌಂಡ್ ಅದರ ತೂಕವಲ್ಲ, ಹೆದೆ ಎಳೆಯಲು ಬೇಕಾದ ಬಲ; ಸಾಮಾನ್ಯವಾಗಿ 28 ಇಂಚು ಎಳೆದಾಗಿನ ಲೆಕ್ಕ. ಚಾಚಿದ ತೋಳುಗಳ ಅಳತೆಯನ್ನು 2.5ರಿಂದ ಭಾಗಿಸಿದರೆ ಎಳೆತದ ಉದ್ದ ಸಿಗುತ್ತದೆ. ಗುಟ್ಟು ರಟ್ಟಾಗಬಾರದೆಂದರೆ ಎತ್ತರವನ್ನೇ ತೆಗೆದುಕೊಳ್ಳಿ, ಎರಡೂ ಹೆಚ್ಚುಕಡಿಮೆ ಒಂದೇ. ಅವರಿಗೆ ಸುಮಾರು 25 ಇಂಚು ಬರುತ್ತದೆ. ಕಡಿಮೆಯಾದ ಮೂರು ಇಂಚಿಗೆ ತಲಾ ಎರಡು ಪೌಂಡ್ ಕಳೆದರೂ ನಿಮ್ಮ ಲಾಂಗ್‌ಬೋ 34 ಪೌಂಡ್ ಭಾರವಿರುತ್ತದೆ. ಭುಜ ನೋಯುತ್ತದೆ, ಗುರಿ ಕೆಡುತ್ತದೆ, ಬಿಲ್ಲು ಮೂಲೆ ಸೇರುತ್ತದೆ. ಈಗ ಅವರು ಎಷ್ಟು ಪೌಂಡ್ ಎಳೆಯುತ್ತಿದ್ದಾರೆ?

ಪ್ರಶ್ನೆ ಕೇಳಿದವರು: ತರಬೇತುದಾರರನ್ನು ಗುಟ್ಟಾಗಿ ವಿಚಾರಿಸಿದೆ. ಬಿಲ್ಲಿನ ಮೇಲೆ 20 ಎಂದಿದೆಯಂತೆ. ಎಳೆಯುವುದು ಬಲಗೈಯಲ್ಲಿ.

ಹಳೆಯ ಬತ್ತಳಿಕೆ: ಇಷ್ಟು ಹಗುರ ಬಿಲ್ಲಿನಲ್ಲಿ ಇಂಚಿಗೆ ಸುಮಾರು ಒಂದು ಪೌಂಡ್ ಕಳೆದರೆ ಸಾಕು; ಹಾಗಾದರೆ ಅವರ ಬೆರಳಿಗೆ ಬೀಳುತ್ತಿರುವುದು ಸುಮಾರು 17 ಮಾತ್ರ. 62 ಇಂಚಿನ ಟೇಕ್‌ಡೌನ್ ರಿಕರ್ವ್ (ತುದಿ ಮುಂದಕ್ಕೆ ಬಾಗಿದ, ಬಿಚ್ಚಿ ಜೋಡಿಸುವ ಬಿಲ್ಲು) ನೋಡಿ. ನಡುಭಾಗ ಮರದ್ದೇ, ಎರಡು ಬದಿಯ ಲಿಂಬ್‌ಗಳನ್ನು, ಅಂದರೆ ಬಾಗುವ ತೋಳುಗಳನ್ನು, ಬಿಚ್ಚಿ ಬದಲಿಸಬಹುದು. ಈಗ 24 ಪೌಂಡ್‌ನ ಲಿಂಬ್ ಸಾಕು. ತೋಳು ಪಳಗಿದ ಮೇಲೆ ಲಿಂಬ್ ಮಾತ್ರ ಕೊಂಡರಾಯಿತು.

ಬಿದಿರುಪ್ರಿಯ: ಲೆಕ್ಕ ಸರಿ. ಆದರೆ ಅಂದಕ್ಕೂ ಬೆಲೆಯಿದೆ; ಕೈಗೆತ್ತಿಕೊಳ್ಳಬೇಕೆನಿಸದ ಬಿಲ್ಲಿನಿಂದ ಯಾರೂ ಅಭ್ಯಾಸ ಮಾಡುವುದಿಲ್ಲ. ಹಗುರವಾದ ಲಾಂಗ್‌ಬೋಗಳೂ ಸಿಗುತ್ತವೆ, ಒಂದೇ ತುಂಡಿನದಾದರೆ ಭಾರ ಬದಲಿಸಲಾಗದು ಅಷ್ಟೇ. ಮುಂದೆ ಸ್ಪರ್ಧೆಯ ಆಸೆಯಿದ್ದರೆ ಇಂಡಿಯನ್ ರೌಂಡ್ ವಿಭಾಗವಿದೆ: ಬಿದಿರಿನ ಬಿಲ್ಲು, 50 ಮತ್ತು 30 ಮೀಟರ್ ದೂರ. ಆ ಬಿಲ್ಲನ್ನು ಮಾತ್ರ ಅವರನ್ನೇ ಕರೆದೊಯ್ದು ಕೈಯಲ್ಲಿ ಹಿಡಿಸಿಯೇ ಆರಿಸಿ.

ಪ್ರಶ್ನೆ ಕೇಳಿದವರು: ಸದ್ಯ ಸ್ಪರ್ಧೆಯ ಯೋಚನೆಯಿಲ್ಲ. ರಿಕರ್ವ್ ಕೊಳ್ಳುತ್ತೇನೆ. ಬಾಣಗಳನ್ನೂ ಜೊತೆಗೇ ತರಲೇ?

ಹಳೆಯ ಬತ್ತಳಿಕೆ: ಈಗಲೇ ಬೇಡ. ಬಾಣದ ಉದ್ದ ಮತ್ತು ಬಿಗಿತ ಆ ಬಿಲ್ಲಿಗೂ ಅವರ ಎಳೆತಕ್ಕೂ ಹೊಂದಬೇಕು. ಅಳತೆ ತೆಗೆದ ಮೇಲೆ ಕೊಳ್ಳಿ. ಬಾಣವನ್ನು ಬಿಲ್ಲಿನ ಕಟ್ಟೆಯ (ಹಿಡಿಯ ಮೇಲೆ ಕೊರೆದ ಅಂಚಿನ) ಮೇಲೆಯೇ ಇಟ್ಟು ಹೊಡೆಯುವುದಾದರೆ ನಿಜವಾದ ಗರಿಯದ್ದೇ ಇರಲಿ. ಪ್ಲಾಸ್ಟಿಕ್ ರೆಕ್ಕೆ ಕಟ್ಟೆಗೆ ತಗುಲಿ ಬಾಣವನ್ನು ಓರೆ ಮಾಡುತ್ತದೆ. ಹೆದೆಯೇರಿಸುವ ಸ್ಟ್ರಿಂಗರ್ ಹಗ್ಗ, ಬೆರಳ ಕವಚ, ಮುಂಗೈ ಪಟ್ಟಿ ಮಾತ್ರ ಪೆಟ್ಟಿಗೆಯಲ್ಲಿರಲಿ. ಕಾಲಿನ ನಡುವೆ ಸಿಕ್ಕಿಸಿ ಹೆದೆಯೇರಿಸಿದರೆ ಲಿಂಬ್ ತಿರುಚಿಕೊಳ್ಳುತ್ತದೆ.

ಇನ್ನೊಂದು ಮಾತು. ಹುಟ್ಟುಹಬ್ಬಕ್ಕೆ ಬಂದ ನೆಂಟರೆಲ್ಲ ಒಮ್ಮೆ ಎಳೆದು ನೋಡುತ್ತೇವೆ ಎನ್ನುತ್ತಾರೆ. ಬಾಣವಿಲ್ಲದೆ ಹೆದೆ ಎಳೆದು ಬಿಟ್ಟರೆ ಬಾಣಕ್ಕೆ ಹೋಗಬೇಕಾದ ಶಕ್ತಿಯೆಲ್ಲ ಲಿಂಬ್‌ಗೇ ಮರಳುತ್ತದೆ, ಸೀಳಬಹುದು. ಹೆದೆ ಇಳಿಸಿಯೇ ಕೊಡಿ.