ದೊಡ್ಡಪ್ಪನ ಫಾರ್ವರ್ಡು, ಗಿರಿಜತ್ತಿಗೆಯ ಪಾಯಸ

ಬೆಳಗ್ಗೆ ಆರಕ್ಕೇ 'ನಮ್ಮ ಮನೆ ಮಂದಿ' ಗುಂಪಿನಲ್ಲಿ ಶುರು.

ದೊಡ್ಡಪ್ಪ: (ಫಾರ್ವರ್ಡ್) ಹೊಟ್ಟೆಯ ಬ್ಯಾಕ್ಟೀರಿಯಾ ವಂಶದಿಂದಲೇ ಬರುತ್ತವೆ. ಏನು ತಿಂದರೂ ಬದಲಾಗುವುದಿಲ್ಲ!!

ದೊಡ್ಡಪ್ಪ: ಅದಕ್ಕೇ ಹಿರಿಯರು ಮನೆತನ ನೋಡಿ ಸಂಬಂಧ ಮಾಡುತ್ತಿದ್ದರು.

ಶೈಲತ್ತೆ: ನಿಜ ಅಣ್ಣ. ಅಪ್ಪನಿಗೂ ಹಾಲು ಕುಡಿದರೆ ಹೊಟ್ಟೆ ಗುಡುಗುಡು. ನಿನಗೂ ಹಾಗೇ.

ಮಹೇಶಣ್ಣ: ಯಾರು ಹೇಳಿದ್ದು? ಎಲ್ಲಿ ಬಂದಿದೆ? ಸುಮ್ನೆ ಕಳಿಸಬೇಡಿ.

ಗಿರಿಜತ್ತಿಗೆ: ಶೈಲತ್ತೆ, ಗೃಹಪ್ರವೇಶದ ದಿನ ಮಾವನಿಗೆ ಹೊಟ್ಟೆ ಕೆಟ್ಟಾಗ ನಾನು ಪಾಯಸಕ್ಕೆ ಕೆಟ್ಟ ಹಾಲು ಹಾಕಿದೆ ಅಂದಿದ್ದಿರಿ, ಅಲ್ವಾ?

ಹತ್ತು ನಿಮಿಷ ಯಾರೂ ಮಾತಾಡಲಿಲ್ಲ.

ನಾನು: ಹಾಲಿನ ಮಾತು ಅರ್ಧ ನಿಜ. ದೊಡ್ಡವರಾದ ಮೇಲೆ ಹಾಲಿನ ಸಕ್ಕರೆ ಅರಗಿಸುವ ಲ್ಯಾಕ್ಟೇಸ್ ಎಂಬ ಕಿಣ್ವ ಇರುತ್ತದೋ ಇಲ್ಲವೋ ಅನ್ನುವುದು ಜೀನಿನ ಮೇಲಿದೆ. ಅದು ಕಡಿಮೆಯಾದರೆ ಆ ಸಕ್ಕರೆ ಅರಗದೆ ದೊಡ್ಡಕರುಳಿಗೆ ಇಳಿಯುತ್ತದೆ. ಅದನ್ನು ತಿಂದು ಬಿಫಿಡೋಬ್ಯಾಕ್ಟೀರಿಯಾ ಅನ್ನುವ ಕರುಳಿನ ಬ್ಯಾಕ್ಟೀರಿಯಾ ಜಾಸ್ತಿಯಾಗುತ್ತವೆ. 2022ರಲ್ಲಿ ನೆದರ್ಲೆಂಡ್ಸ್‌ನ 7,738 ಜನರನ್ನು ನೋಡಿದಾಗ ಹೊಟ್ಟೆಯ ಬ್ಯಾಕ್ಟೀರಿಯಾ ಜೊತೆ ಗಟ್ಟಿಯಾಗಿ ನಂಟು ಕಂಡ ಜೀನುಗಳು ಎರಡೇ: ಈ ಹಾಲಿನ ಜೀನು, ರಕ್ತದ ಗುಂಪಿನ ಜೀನು.

ದೊಡ್ಡಪ್ಪ: ನೋಡಿ, ನಾನು ಹೇಳಿದ್ದೇ ಸರಿ.

ನಾನು: ಇಲ್ಲ ದೊಡ್ಡಪ್ಪ, ಪೂರ್ತಿ ಓದಿ. 2018ರಲ್ಲಿ ಇಸ್ರೇಲಿನ ವೈಜ್ಮನ್ ಸಂಸ್ಥೆಯವರು 1,046 ಜನರನ್ನು ನೋಡಿದರು. ವಂಶದ ಪಾಲು ತುಂಬ ಕಡಿಮೆ ಅಂತ ಲೆಕ್ಕ ಹಾಕಿದರು. ಊಟ, ಬದುಕುವ ರೀತಿಯದೇ ಜಾಸ್ತಿ. ಬೇರೆ ಬೇರೆ ಮನೆಯಲ್ಲಿರುವ ನೆಂಟರಲ್ಲಿ ಹೋಲಿಕೆ ಸಿಗಲಿಲ್ಲ. ರಕ್ತಸಂಬಂಧವೇ ಇಲ್ಲದೆ ಒಂದೇ ಮನೆಯಲ್ಲಿರುವವರಲ್ಲಿ ಸಿಕ್ಕಿತು. ಅಂದರೆ ನಿಮ್ಮ ಹೊಟ್ಟೆ ಬೆಂಗಳೂರಿನಲ್ಲಿರುವ ನಮ್ಮಪ್ಪನಿಗಿಂತ ನಿಮ್ಮ ಮನೆಯಲ್ಲೇ ಇರುವ ಗಿರಿಜತ್ತಿಗೆಯದಕ್ಕೇ ಹತ್ತಿರ ಇರಬಹುದು. ಅವರನ್ನು ಹೊರಗಿನಿಂದ ಬಂದವರು ಅನ್ನುವುದು ನನಗೆ ಯಾವತ್ತೂ ಸರಿ ಕಂಡಿಲ್ಲ.

ಮಹೇಶಣ್ಣ: ಲಿಂಕ್ ಹಾಕು.

ವಿನು: ಒಂದೇ ಮೊಸರು ತಿಂದವರಲ್ವಾ ನಾವೆಲ್ಲ. ಅಜ್ಜಿ ಹಾಲಿಗೆ ಕಿರುಬೆರಳು ಅದ್ದಿ ಬಿಸಿ ನೋಡಿ ಹೆಪ್ಪು ಹಾಕುತ್ತಿದ್ದರು. ಗಡಿಗೆಯ ಬಾಯಿಗೆ ಬಿಳಿ ಬಟ್ಟೆ. ನಾವು ಕೆನೆ ತೆಗೆದರೆ ಬೆರಳಿನ ಗುರುತು ನೋಡಿ ಯಾರೆಂದು ಹೇಳುತ್ತಿದ್ದರು.

ಶೈಲತ್ತೆ: ಯಾವಾಗಲೂ ನೀನೇ.

ಗಿರಿಜತ್ತಿಗೆ: ಅಜ್ಜಿ ಕೊಟ್ಟ ಹೆಪ್ಪಿನಿಂದಲೇ ಇವತ್ತಿಗೂ ನಮ್ಮ ಮನೆಯಲ್ಲಿ ಮೊಸರು. ಒಂದು ದಿನವೂ ತಪ್ಪಿಸಿಲ್ಲ.

ದೊಡ್ಡಪ್ಪ 'ಟೈಪಿಂಗ್' ಅಂತ ಬಂತು, ನಿಂತಿತು, ಮತ್ತೆ ಬಂತು.

ದೊಡ್ಡಪ್ಪ: ಅಮ್ಮನ ಗಡಿಗೆ ಯಾರ ಮನೆಯಲ್ಲಿದೆ?

ಶೈಲತ್ತೆ: ಅದನ್ನು ಅಮ್ಮ ನನಗೇ ಕೊಟ್ಟದ್ದು ಅಣ್ಣ.